ಹೊರಗೆ ಕಂಡಷ್ಟೇ ಒಳಗೂ

ಶಹಾಬಾದಿನ ಹಾಸುಗಲ್ಲನ್ನು ನೆಲಕ್ಕೆ ಜೋಡಿಸುವ ನುರಿತ ಕಸಬುದಾರನು ಮೊದಲು ನೋಡುವುದು ಕಲ್ಲಿನ ಅಂಚನ್ನು, ಗಾರೆಯನ್ನಲ್ಲ. ಅಂಚು ನೇರವಾಗಿದ್ದರೆ ಸಂದಿಗೆ ಬೇಕಾಗುವ ಗಾರೆ ಅತ್ಯಲ್ಪ. ಅಂಚು ಸೊಟ್ಟಗಿದ್ದರೆ ಎಷ್ಟು ಗಾರೆ ತುಂಬಿದರೂ ಅದು ಕೆಲವೇ ದಿನಗಳಲ್ಲಿ ಬಿರುಕು ಬಿಡುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳಲ್ಲಿ ಮನೆ ಕಟ್ಟಿಸಿದವರಿಗೆಲ್ಲ ತಿಳಿದಿರುವ ಸಂಗತಿಯಿದು. ಅಂಗಳದಲ್ಲಿ ನಿಂತಿರುವ ಕಾರಿನ ಎಂಜಿನ್ನಿಗೂ ಇದೇ ನಿಯಮ ಅನ್ವಯಿಸುತ್ತದೆಂಬುದು ಮಾತ್ರ ಅನೇಕರ ಗಮನಕ್ಕೆ ಬಂದಿಲ್ಲ.

ಎಂಜಿನ್ ಒಂದೇ ಅಚ್ಚಿನಲ್ಲಿ ಎರೆದ ವಸ್ತುವಲ್ಲ. ಅದರ ಭಾಗಗಳು ಒಂದರ ಮೇಲೊಂದು ಕುಳಿತು ಬೋಲ್ಟುಗಳಿಂದ ಬಿಗಿಗೊಂಡಿರುತ್ತವೆ. ಒಳಗಿನ ಎಣ್ಣೆ, ನೀರು ಹೊರಗೆ ಸೋರದಂತೆ ಈ ಕೂಡುಜಾಗಗಳಲ್ಲಿ ಗ್ಯಾಸ್ಕೆಟ್ ಇಡುತ್ತಾರೆ, ಅಥವಾ ಪೇಸ್ಟು ಹಚ್ಚುತ್ತಾರೆ. ಹಿಂದಿನ ಕಾಲದಲ್ಲಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಶೆಲ್ಯಾಕ್ ಬಳಕೆಯಲ್ಲಿತ್ತು. ಇಂದು ಸಾಮಾನ್ಯವಾಗಿ ಬಳಸುವುದು ಕೊಳವೆಯಲ್ಲಿ ದೊರೆಯುವ ಸಿಲಿಕೋನ್. ಅದು ಗಾಳಿಯ ತೇವವನ್ನು ಹೀರಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಲೋಹದ ಮೈಮೇಲಿನ ಸೂಕ್ಷ್ಮ ತಗ್ಗುಗಳನ್ನು ತುಂಬುವುದಷ್ಟೇ ಅದರ ಕರ್ತವ್ಯ. ಬಿಗಿತವನ್ನು ಕೊಡಬೇಕಾದುದು ಬೋಲ್ಟು.

ಹೆಚ್ಚು ಹಚ್ಚಿದರೆ ಹೆಚ್ಚು ಭದ್ರ ಎಂಬುದು ಸರ್ವೇಸಾಮಾನ್ಯವಾದ ತಪ್ಪು ತಿಳಿವಳಿಕೆ. ಬೋಲ್ಟು ಬಿಗಿದಾಗ ಹೆಚ್ಚಾದ ಪೇಸ್ಟು ಎರಡೂ ಕಡೆಗೆ ಉಕ್ಕುತ್ತದೆ. ಹೊರಗೆ ಉಕ್ಕಿದುದು ಕಣ್ಣಿಗೆ ಕಾಣುತ್ತದೆ, ಒರೆಸಿದರಾಯಿತು. ಹೊರಗೆ ಕಂಡಷ್ಟೇ ಒಳಗೂ ಉಕ್ಕಿರುತ್ತದೆಂಬುದನ್ನು ಮರೆಯುವುದರಿಂದಲೇ ಅನರ್ಥ ಹುಟ್ಟುವುದು. ಒಳಗಿನ ಎಳೆಯು ಬಿಸಿ ಎಣ್ಣೆಯಲ್ಲಿ ನೆನೆದು, ತುಂಡಾಗಿ, ಎಣ್ಣೆತೊಟ್ಟಿಯ ತಳಕ್ಕೆ ಬೀಳುತ್ತದೆ. ಅಲ್ಲಿ ಪಂಪಿನ ಬಾಯಿಗೆ ಜಾಲರಿಯೊಂದಿದೆ. ತುಂಡುಗಳು ಅದಕ್ಕೆ ಅಂಟಿಕೊಂಡರೆ ಎಣ್ಣೆ ಮೇಲೇರುವುದು ನಿಲ್ಲುತ್ತದೆ.

ಚಿತ್ತಾಪುರದಿಂದ ಚಿಂಚೋಳಿಗೆ ಮದುವೆಗೆಂದು ಹೊರಟ ಸಂಸಾರವೊಂದನ್ನು ಕಲ್ಪಿಸಿಕೊಳ್ಳಬಹುದು. ತಿಂಗಳ ಹಿಂದೆಯಷ್ಟೇ ಎಂಜಿನ್ ಬಿಚ್ಚಿ ಜೋಡಿಸಲಾಗಿದೆ. ಎಣ್ಣೆಯ ಒಂದು ಹನಿಯೂ ಹೊರಗೆ ಸೋರುತ್ತಿಲ್ಲವೆಂದು ಯಜಮಾನರಿಗೆ ಸಮಾಧಾನ. ಮಳಖೇಡ ದಾಟುವಾಗ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಗಾಡಿ ನಿಲ್ಲಿಸಿ ಅಳತೆಕಡ್ಡಿ ಎಳೆದು ನೋಡಿದರೆ ಎಣ್ಣೆ ತುಂಬಿದೆ! ‘ದೀಪವೇ ಕೆಟ್ಟಿರಬೇಕು, ಇನ್ನೇನು ಸೇಡಂ ಬಂತಲ್ಲ’ ಎಂದು ಮುಂದುವರಿಯುತ್ತಾರೆ. ಕಾಗಿಣಾ ಹೊಳೆ ಪಕ್ಕದಲ್ಲೇ ಹರಿಯುತ್ತಿದ್ದರೂ ನೀರೆತ್ತದೆ ಹೊಲ ಒಣಗಿದಂತೆ, ತೊಟ್ಟಿ ತುಂಬ ಎಣ್ಣೆಯಿದ್ದರೂ ಬೇರಿಂಗುಗಳು ಒಣಗುತ್ತವೆ. ಲೋಹಕ್ಕೆ ಲೋಹ ತಿಕ್ಕಿ ಕ್ರ್ಯಾಂಕು ಹಾಳಾಗಲು ಹೆಚ್ಚು ಹೊತ್ತು ಬೇಕಿಲ್ಲ. ಬೆರಳಿನುಗುರಿನಷ್ಟು ರಬ್ಬರು ಇಡೀ ಎಂಜಿನ್ನಿನ ಬೆಲೆ ಕೇಳುತ್ತದೆ. ಆ ದೀಪ ಹೊತ್ತಿದೊಡನೆ ಎಂಜಿನ್ ಆರಿಸಿ, ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ವಿವೇಕ.

ಪರಿಹಾರವೇನೂ ಕಠಿಣವಲ್ಲ. ಮೊದಲನೆಯದು, ಹಳೆಯ ಪೇಸ್ಟನ್ನು ಪೂರ್ಣವಾಗಿ ತೆಗೆಯುವುದು. ಅಲ್ಯೂಮಿನಿಯಂ ಮೃದು ಲೋಹವಾದುದರಿಂದ ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆಯುವುದು ಲೇಸು. ತಿರುಗುವ ಉಜ್ಜುಚಕ್ರ ಬಳಸಿದರೆ ಅದರ ಪುಡಿಯೇ ಒಳಹೊಕ್ಕು ಬೇರಿಂಗನ್ನು ತಿನ್ನುತ್ತದೆ. ಎರಡನೆಯದು, ಎಣ್ಣೆಯ ಜಿಡ್ಡು ಲೇಶವೂ ಉಳಿಯದಂತೆ ಒರೆಸುವುದು. ಜಿಡ್ಡಿನ ಮೇಲೆ ಸಿಲಿಕೋನ್ ಹಿಡಿಯದು. ಮೂರನೆಯದು, ತಗಡಿನ ಎಣ್ಣೆತೊಟ್ಟಿಯ ಅಂಚನ್ನು ಪರೀಕ್ಷಿಸುವುದು. ಹಿಂದೆ ಅತಿಯಾಗಿ ಬಿಗಿದ ಬೋಲ್ಟಿನಿಂದ ರಂಧ್ರದ ಸುತ್ತ ತಗಡು ಉಬ್ಬಿದ್ದರೆ, ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮಮಾಡಬೇಕು. ಸೊಟ್ಟ ಅಂಚಿಗೆ ಪೇಸ್ಟು ಮದ್ದಲ್ಲ.

ಆ ಬಳಿಕ, ತಯಾರಕರ ಕೈಪಿಡಿ ಬೇರೆ ಅಳತೆ ಹೇಳದಿದ್ದಲ್ಲಿ, 2ರಿಂದ 3 ಮಿಲಿಮೀಟರ್ ದಪ್ಪದ ಒಂದೇ ಎಳೆ ಸಾಕು. ಅದು ಎಲ್ಲಿಯೂ ಕಡಿಯದೆ, ಬೋಲ್ಟಿನ ರಂಧ್ರಗಳನ್ನು ಒಳಬದಿಯಿಂದ ಬಳಸಿಕೊಂಡು ಸಾಗಬೇಕು. ಎಳೆ ಹಸಿಯಿರುವಾಗಲೇ ಭಾಗವನ್ನು ಕೂಡಿಸಿ, ಬೋಲ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ ಹಂತಹಂತವಾಗಿ ಬಿಗಿಯಬೇಕು. ತಳವಿರುವ ಕುರುಡು ರಂಧ್ರಗಳಲ್ಲಿ ಪೇಸ್ಟು ತುಂಬಿದ್ದರೆ, ಬೋಲ್ಟು ಇಳಿದಾಗ ಒತ್ತಡವೇರಿ ಎರಕವೇ ಸೀಳಬಹುದು. ಎಣ್ಣೆ ತುಂಬುವ ಮೊದಲು ಕೊಳವೆಯ ಮೇಲೆ ಬರೆದಷ್ಟು ಕಾಲ ಕಾಯಬೇಕು. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಹಿಡಿಯುತ್ತದೆ.

ಎಲ್ಲ ಕೂಡುಜಾಗಗಳಿಗೂ ಪೇಸ್ಟು ಬೇಡ. ತಯಾರಕರು ಹೇಳದ ಹೊರತು ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ಟಿಗೆ ಅದನ್ನು ಸೋಂಕಿಸಬಾರದು. ರಬ್ಬರ್ ಗ್ಯಾಸ್ಕೆಟ್ ಇರುವ ಟ್ಯಾಪೆಟ್ ಕವರಿಗೆ, ಮೂರು ಭಾಗಗಳು ಸಂಧಿಸುವ ಮೂಲೆಗಳಲ್ಲಿ ಮಾತ್ರ ಒಂದೊಂದು ಬೊಟ್ಟು ಬೇಕಾಗಬಹುದು. ಗಟ್ಟಿಯಾದ ಎರಕದ ಭಾಗಗಳಿಗೆ ಇನ್ನೊಂದು ಬಗೆಯ ಪೇಸ್ಟೂ ಇದೆ. ಇದರ ಮೂಲ 1953ರಲ್ಲಿ ಅಮೆರಿಕದ ರಸಾಯನ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ಕಂಡುಹಿಡಿದ ಅಂಟಿನಲ್ಲಿದೆ. ಗಾಳಿ ದೊರೆಯದ ಲೋಹದ ಸಂದಿಯಲ್ಲಿ ಮಾತ್ರ ಅದು ಗಟ್ಟಿಯಾಗುತ್ತದೆ. ಒಳಗೆ ಉಕ್ಕಿದುದು ದ್ರವವಾಗಿಯೇ ಉಳಿದು ಎಣ್ಣೆಯಲ್ಲಿ ಬೆರೆಯುತ್ತದೆ. ಆದರೆ ಬಾಗುವ ತಗಡಿನ ತೊಟ್ಟಿಗೆ ಅದು ಹೊಂದದು.

ಈ ಸೀಮೆಗೆ ಸಲ್ಲುವ ಎಚ್ಚರಿಕೆಗಳೂ ಎರಡಿವೆ. ವಾಡಿ, ಶಹಾಬಾದ್, ಸೇಡಂಗಳ ಸುತ್ತ ಕಲ್ಲುಗಣಿಗಳ, ಸಿಮೆಂಟಿನ ಧೂಳು ಅಪರೂಪವಲ್ಲ. ಹಚ್ಚಿದ ಎಳೆಯ ಮೇಲೆ ಧೂಳು ಕುಳಿತರೆ ಅದು ಲೋಹವನ್ನು ಹಿಡಿಯಲಾರದು. ಬಯಲಿನಲ್ಲಿ ಬಿಚ್ಚಿಟ್ಟ ಎಂಜಿನ್ನಿಗೆ ಶುಭ್ರವಾದ ಬಟ್ಟೆ ಮುಚ್ಚಿರಬೇಕು. ಬೇಸಗೆಯ ಒಣಹವೆಯಲ್ಲಿ ತೇವ ಕಡಿಮೆಯಾದುದರಿಂದ, ಮೇಲ್ಪದರು ಒಣಗಿದಂತೆ ಕಂಡರೂ ಒಳಭಾಗ ಹಸಿಯಾಗಿಯೇ ಇರಬಹುದು. ಆಗ ಇನ್ನಷ್ಟು ಕಾಯುವುದು ಒಳ್ಳೆಯದು.

ಊರಿನ ಅಂಗಡಿಯಲ್ಲಿ ಸರಿಯಾದ ಗ್ಯಾಸ್ಕೆಟ್ ಸಿಕ್ಕದಾಗ, ಗಾಡಿಯ ಯಜಮಾನರೇ ‘ಇವತ್ತೇ ಬೇಕು’ ಎಂದು ಒತ್ತಾಯಿಸುವುದುಂಟು. ಆಗ ಮಿಸ್ತ್ರಿಗೆ ಪೇಸ್ಟಿನ ಕೊಳವೆಯಲ್ಲದೆ ಬೇರೆ ಗತಿಯಿಲ್ಲ. ಆದುದರಿಂದ ತಪ್ಪನ್ನು ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಲಬುರಗಿಯಿಂದ ಗ್ಯಾಸ್ಕೆಟ್ ಬರುವವರೆಗೆ ಎರಡು ದಿನ ತಾಳಿಕೊಂಡ ಗೃಹಸ್ಥರು ಕಳೆದುಕೊಳ್ಳುವುದು ಎರಡು ದಿನದ ಸವಾರಿಯನ್ನು ಮಾತ್ರ. ಅವರು ನಡುದಾರಿಯಲ್ಲಿ ಮಕ್ಕಳುಮರಿಗಳೊಡನೆ ಬಸ್ಸಿಗಾಗಿ ಕಾಯುವ ಪ್ರಸಂಗವಂತೂ ಬಾರದು.