ಬಾಂದುಕಲ್ಲಿಗೆ ಪಕ್ಷವಿಲ್ಲ

ಎರಡೂ ದೇಶಗಳದ್ದು ಕೆಂಪು ಬಾವುಟ, ಎರಡರಲ್ಲೂ ಕಮ್ಯುನಿಸ್ಟ್ ಪಕ್ಷದ ಆಡಳಿತ. ಆದರೂ 1979ರ ಫೆಬ್ರವರಿ 17ರಂದು ಚೀನಾದ ಸೇನೆ ವಿಯೆಟ್ನಾಂ ಗಡಿ ದಾಟಿ ಒಳನುಗ್ಗಿತು. ಆಗ ನಮ್ಮ ವಿದೇಶಾಂಗ ಸಚಿವರಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರು ಚೀನಾ ಪ್ರವಾಸದಲ್ಲಿದ್ದರು. ಸುದ್ದಿ ತಿಳಿದು ಪ್ರವಾಸ ಮೊಟಕುಗೊಳಿಸಿ ಹಿಂತಿರುಗಿದರು.

ಒಂದೇ ತತ್ವವನ್ನು ನಂಬಿದವರು ಹೊಡೆದಾಡುವುದೇಕೆ? ವಿಜ್ಞಾನದ ಮೇಷ್ಟ್ರಾದ ನಾನು, ಮೊದಲು ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಎನ್ನುತ್ತೇನೆ. ಅಮೆರಿಕದ ವಿರುದ್ಧ ಹೋರಾಡುವಾಗ ವಿಯೆಟ್ನಾಂಗೆ ಅಕ್ಕಿ, ಶಸ್ತ್ರಾಸ್ತ್ರ ಕೊಟ್ಟದ್ದು ಇದೇ ಚೀನಾ. ಆದರೆ 1978ರ ನವೆಂಬರಿನಲ್ಲಿ ವಿಯೆಟ್ನಾಂ, ಚೀನಾದ ಎದುರಾಳಿಯಾಗಿದ್ದ ಸೋವಿಯತ್ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡಿತು. 1979ರ ಜನವರಿಯಲ್ಲಿ ಕಾಂಬೋಡಿಯಾದ ಪೋಲ್ ಪಾಟ್ ಸರಕಾರವನ್ನು ಉರುಳಿಸಿತು. ಅದು ಚೀನಾದ ಬೆಂಬಲವಿದ್ದ ಸರಕಾರ, ಅದೂ ಕಮ್ಯುನಿಸ್ಟರದ್ದೇ! ಜೊತೆಗೆ ಗಡಿಯ ಹಳೆಯ ತಕರಾರು ಬೇರೆ ಇತ್ತು.

ಮಾರ್ಚ್ 16ಕ್ಕೆ ಚೀನಾ ಸೇನೆ ಮರಳಿತು. ಅಷ್ಟರಲ್ಲಿ ಎರಡೂ ಕಡೆ ಸಾವಿರಾರು ಜನ ಸತ್ತಿದ್ದರು. ಗಡಿಯಲ್ಲಿ ಗುಂಡಿನ ಕಾಳಗ 1980ರ ದಶಕದಲ್ಲೂ ಮುಂದುವರಿಯಿತು. ಭೂಗಡಿಯ ಒಪ್ಪಂದವಾದದ್ದು 1999ರಲ್ಲಿ. ಎರಡೂ ಕಡೆಯವರು ಕೂಡಿ ಅಳೆದು ಗಡಿಕಲ್ಲು ನೆಟ್ಟು ಮುಗಿಸಿದ್ದು 2008ರ ಕೊನೆಗೆ. ಸಮುದ್ರದ ದ್ವೀಪಗಳ ತಕರಾರು ಇನ್ನೂ ಉಳಿದಿದೆ.

ಇದು ದೂರದ ಕಥೆ ಎನ್ನಬೇಡಿ. 1956ರ ನವೆಂಬರ್ 1ರಂದು ಬೆಳಗಾವಿ ನಮ್ಮ ರಾಜ್ಯಕ್ಕೆ ಸೇರಿತು. ಆಗ ಇಲ್ಲಿ ನಿಜಲಿಂಗಪ್ಪ, ಮುಂಬಯಿಯಲ್ಲಿ ಯಶವಂತರಾವ್ ಚವಾಣ್ ಮುಖ್ಯಮಂತ್ರಿಗಳು. ಇಬ್ಬರೂ ಕಾಂಗ್ರೆಸ್ಸಿಗರು, ದೆಹಲಿಯಲ್ಲೂ ಕಾಂಗ್ರೆಸ್ಸೇ. ಆದರೂ ಜಗಳ ಹರಿಯಲಿಲ್ಲ. 1966ರಲ್ಲಿ ನೇಮಕವಾದ ಮಹಾಜನ್ ಆಯೋಗ ಮರುವರ್ಷ ವರದಿ ಕೊಟ್ಟು, ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ, ಕೆಲವು ಹಳ್ಳಿಗಳು ಅತ್ತಿಂದಿತ್ತ ಬದಲಾಗಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಹಾಗಾದರೆ ವ್ಯತ್ಯಾಸವೇನು? ನಮ್ಮಲ್ಲಿ ಎರಡೂ ರಾಜ್ಯಗಳ ಮೇಲೆ ಒಂದು ಸಂವಿಧಾನವಿದೆ, ಒಂದು ನ್ಯಾಯಾಲಯವಿದೆ. 1979ರಲ್ಲಿ ಆ ಎರಡು ದೇಶಗಳ ನಡುವೆ ಅಂಥ ಪಂಚಾಯಿತಿ ಇರಲಿಲ್ಲ. ತೀರ್ಪು ತಡವಾದರೂ ಸರಿ, ಫಿರಂಗಿಗಿಂತ ಅದು ಮೇಲು. ಆದರೂ ಗಡಿಯ ಮಾತು ಬಿಸಿಯೇರಿದಾಗ ಬಸ್ಸಿಗೆ ಕಲ್ಲು ಬೀಳುತ್ತದೆ, ಸಂಚಾರ ನಿಲ್ಲುತ್ತದೆ. ಆ ಕಲ್ಲು ಎಸೆಯುವ ಕೈ ನಮ್ಮ ಮಕ್ಕಳದ್ದಾಗಬಾರದು.

ಪಾಲಕರೇ, ಅಣ್ಣತಮ್ಮಂದಿರ ಹೊಲಕ್ಕೂ ಬಾಂದುಕಲ್ಲು ಬೇಕು. ಪ್ರೀತಿ ಇದೆಯೆಂದು ಅಳತೆ ಬಿಡಬಾರದು. ಅಳತೆಗೆ ನಿಂತೆವೆಂದು ಪ್ರೀತಿಯನ್ನೂ ಬಿಡಬಾರದು.

ವಿದ್ಯಾರ್ಥಿಗಳೇ, ನಮ್ಮ ಬೂದಿಕೋಟೆಗೆ ಆಂಧ್ರವೂ ತಮಿಳುನಾಡೂ ದೂರವಲ್ಲ. ಈ ವಾರ ನಕ್ಷೆಯಲ್ಲಿ ಆ ಗಡಿಗಳನ್ನು ಗುರುತಿಸಿ. ಆಚೆಗಿರುವ ನಿಮ್ಮ ನೆಂಟರು, ಗೆಳೆಯರ ಹೆಸರುಗಳನ್ನು ಅದರ ಪಕ್ಕದಲ್ಲೇ ಬರೆಯಿರಿ.