ಸಾಲದ ಮೊತ್ತವೂ ಮೊದಲ ಸಂಬಳವೂ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ನಮ್ಮ ಕುಟುಂಬಗಳಲ್ಲಿ ಪ್ರತಿವರ್ಷವೂ ಒಂದು ಪ್ರಶ್ನೆ ತಲೆದೋರುತ್ತದೆ. ಮಗಳನ್ನು ನರ್ಸಿಂಗ್ ಶಿಕ್ಷಣಕ್ಕೆ ಸೇರಿಸಬೇಕು, ಹಣವೆಲ್ಲಿಂದ? ಧರ್ಮಭಗಿನಿಯರ ಚಿಕಿತ್ಸಾಲಯಗಳನ್ನು ಕಂಡು ಬೆಳೆದ ಮಕ್ಕಳು ಈ ವೃತ್ತಿಯನ್ನು ಗೌರವದಿಂದ ನೋಡುವುದು ಸಹಜ. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯಲ್ಲಿ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ನಡೆಯುತ್ತಿದೆ. ಆಸ್ಪತ್ರೆಗಳು ಬೆಳೆದಂತೆ ದಾದಿಯರ ಅಗತ್ಯವೂ ಬೆಳೆಯುತ್ತದೆ. ಆದರೆ ನಾಡಿಗೆ ದಾದಿಯರು ಬೇಕೆಂಬುದು ಒಂದು ಮಾತು. ಆ ದಾದಿಯ ಸಂಬಳದಲ್ಲಿ ಅವಳ ಓದಿನ ಸಾಲ ತೀರುತ್ತದೆಯೇ ಎಂಬುದು ಬೇರೆಯೇ ಮಾತು.

ಲೆಕ್ಕವನ್ನು ಒಮ್ಮೆ ಬರೆದು ನೋಡುವುದು ಲೇಸು. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್‌ಗೆ ವರ್ಷಕ್ಕೆ ಒಂದೂವರೆ ಲಕ್ಷದಂತೆ 6 ಲಕ್ಷ ರೂಪಾಯಿ ಸಾಲ ಪಡೆದರೆಂದು ಭಾವಿಸೋಣ. ಓದಿನ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲವಾದರೂ ಬಡ್ಡಿ ನಿಲ್ಲುವುದಿಲ್ಲ. ಶೇಕಡಾ 10ರ ದರದಲ್ಲಿ ಆ ಹೊತ್ತಿಗೆ ಸಾಲ ಸುಮಾರು 8 ಲಕ್ಷ 10 ಸಾವಿರವಾಗಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,700 ರೂಪಾಯಿ ಬೇಕು. ಹದಿನೈದು ವರ್ಷಗಳಿಗೆ ಹಂಚಿದರೆ ಕಂತು 8,700ಕ್ಕೆ ಇಳಿಯುತ್ತದೆ. ಒಟ್ಟು ತೆರುವ ಹಣ ಮಾತ್ರ ಹದಿನೈದೂವರೆ ಲಕ್ಷವನ್ನು ದಾಟುತ್ತದೆ.

ಇನ್ನು ಆದಾಯ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ನೇಮಕವಾದ ಸಮಿತಿಯು 2016ರಲ್ಲಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳೂ ದಾದಿಯರಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದೂ, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಗಳು ಸರ್ಕಾರಿ ವೇತನಕ್ಕೆ ಸಮನಾಗಿ ಕೊಡಬೇಕೆಂದೂ ಶಿಫಾರಸು ಮಾಡಿತು. ಶಿಫಾರಸು ಇದ್ದಮಾತ್ರಕ್ಕೆ ಸಂಬಳ ಕೈಸೇರುವುದಿಲ್ಲ. ಅದು ಪೂರ್ಣವಾಗಿ ದೊರೆತರೂ 20,000ದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೇ ಹೋದರೆ ಪಟ್ಟಣದ ಬಾಡಿಗೆ, ಊಟ, ಮನೆಗೆ ಕಳುಹಿಸುವ ಹಣ ಇವಕ್ಕೆಲ್ಲ ಉಳಿಯುವುದೆಷ್ಟು? ಏಮ್ಸ್ ಸಂಸ್ಥೆಗಳ ನರ್ಸಿಂಗ್ ಅಧಿಕಾರಿಗೆ ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಆರಂಭಿಕ ಮೂಲವೇತನವೇ 44,900 ಇರುವುದು ನಿಜ. ಆದರೆ ಅಲ್ಲಿ ಅಖಿಲ ಭಾರತ ಮಟ್ಟದ ಸ್ಪರ್ಧೆಯನ್ನು ಗೆಲ್ಲಬೇಕು. ಜರ್ಮನಿಯ ಕನಸಿಗೆ ಆ ದೇಶದ ಭಾಷೆಯ ಪರೀಕ್ಷೆ ಅಡ್ಡ ನಿಂತಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ಅನುಭವವನ್ನು ಕೇಳುತ್ತಾರೆ. ಆದ್ದರಿಂದ ಸಾಲವನ್ನು ಅಳೆಯಬೇಕಾದುದು ಮುಂದೆಂದೋ ಬರಬಹುದಾದ ಸಂಬಳದಿಂದಲ್ಲ, ಮೊದಲ ವರ್ಷ ಖಚಿತವಾಗಿ ದೊರೆಯುವ ಸಂಬಳದಿಂದ. ಕಂತು ಅದರ ಮೂರನೆಯ ಒಂದು ಭಾಗವನ್ನು ಮೀರುವಂತಿದ್ದರೆ ಆ ಸಾಲ ಬೇಡವೆಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ.

ಹಾಗೆಂದು ಓದನ್ನೇ ಕೈಬಿಡಬೇಕಾಗಿಲ್ಲ. ಸಾಲವನ್ನು ಕಿರಿದಾಗಿಸುವ ದಾರಿಗಳಿವೆ. ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಸೀಟುಗಳನ್ನು ಈಚಿನ ವರ್ಷಗಳಲ್ಲಿ ಸಿಇಟಿ ಮೂಲಕ ಹಂಚಲಾಗುತ್ತಿದೆ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸೀಟುಗಳು ಇಲ್ಲಿನ ಮಕ್ಕಳಿಗೆ ಮೀಸಲಾಗಿವೆ. ಸಹಾಯಕ ಆಯುಕ್ತರ ಕಚೇರಿಯಿಂದ ಅದರ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಪಡೆದಿಡಬೇಕು. ಮೂರು ವರ್ಷಗಳ ಜಿಎನ್ಎಂ ಶಿಕ್ಷಣವನ್ನೂ ಕಡೆಗಣಿಸುವಂತಿಲ್ಲ. ಎರಡು ವರ್ಷಗಳ ಅನುಭವ ಸೇರಿದರೆ ಏಮ್ಸ್ ಪರೀಕ್ಷೆಯ ಬಾಗಿಲು ಅವರಿಗೂ ತೆರೆಯುತ್ತದೆ.

ಸಾಲ ಅನಿವಾರ್ಯವಾದರೆ ಬ್ಯಾಂಕಿನಿಂದಲೇ ಆಗಲಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡವು ಕೇಳಕೂಡದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹತ್ತಿ, ತೊಗರಿ ಬೆಳೆಯುವ ಎರಡೆಕರೆ ಹೊಲವನ್ನು ಅಡವಿಡುವ ಮುನ್ನ ಇದನ್ನು ನೆನೆಯಬೇಕು. ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದ ಕುಟುಂಬಗಳಿಗೆ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ಮೇಲಿನ ಲೆಕ್ಕದಲ್ಲಿ ಇದೊಂದೇ ಸೌಲಭ್ಯ ಹತ್ತು ವರ್ಷಗಳ ಕಂತನ್ನು ಸುಮಾರು 7,900ಕ್ಕೆ ಇಳಿಸುತ್ತದೆ. ಕಾಲೇಜಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸದೆ ದಲ್ಲಾಳಿಗಳ ಕೈಗೆ ಮುಂಗಡ ಕೊಡುವುದಂತೂ ಸಲ್ಲದು.

ಕೊನೆಯದಾಗಿ, ನಮ್ಮ ಸಮುದಾಯದ ಹೊಣೆಯೂ ಒಂದಿದೆ. ಧರ್ಮಸಭೆಯ ಆಸ್ಪತ್ರೆಗಳು ದೇಶದಾದ್ಯಂತ ಇವೆ. ಸೇವೆ ಎಂಬ ಪವಿತ್ರ ಪದವು ಕಡಿಮೆ ಸಂಬಳಕ್ಕೆ ನೆಪವಾಗಕೂಡದು. 2016ರ ಶಿಫಾರಸನ್ನು ಮೊದಲು ಜಾರಿಗೆ ತರಬೇಕಾದವರು ನಾವೇ. ಧರ್ಮಕೇಂದ್ರಗಳಲ್ಲಿ ಒಂದು ಭಾನುವಾರ ಪೂಜೆಯ ನಂತರ, ಬ್ಯಾಂಕಿನ ವ್ಯವಹಾರ ಬಲ್ಲವರನ್ನೂ ದುಡಿಯುತ್ತಿರುವ ದಾದಿಯರನ್ನೂ ಕರೆಸಿ ಪಾಲಕರೊಂದಿಗೆ ಕೂರಿಸಿದರೆ ಎಷ್ಟೋ ಮನೆಗಳು ಉಳಿಯುತ್ತವೆ. ಪರರ ನೋವಿಗೆ ಆಸರೆಯಾಗಲು ಹೊರಟ ಹೆಣ್ಣುಮಗಳು ತನ್ನ ಯೌವನದ ಹತ್ತು ವರ್ಷಗಳನ್ನು ಸಾಲಕ್ಕೆ ಒತ್ತೆಯಿಡಬೇಕಾಗಿ ಬಾರದಂತೆ ನೋಡಿಕೊಳ್ಳುವುದು ಹೆತ್ತವರ ಕರ್ತವ್ಯವಷ್ಟೇ ಅಲ್ಲ, ನಮ್ಮೆಲ್ಲರ ಕರ್ತವ್ಯ.