ದ್ರೌಪದಿ ನಿಜಕ್ಕೂ ನಕ್ಕಳೇ? ಬರೆಯುವ ಮುಂಚೆ ಒಮ್ಮೆ ಓದಿ

ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಅಡುಗೆಮನೆ ಕೆಲಸ ಮುಗಿಸಿ, ಸಿಗುವ ಒಂದು ಗಂಟೆಯಲ್ಲಿ ಕತೆ ಬರೆಯುವ ಗೃಹಿಣಿಯರು ನಮ್ಮಲ್ಲಿ ಬಹಳ ಮಂದಿ. ಅದರಲ್ಲೂ ಸೀತೆ, ಊರ್ಮಿಳೆ, ದ್ರೌಪದಿಯರ ಮನಸ್ಸು ಹೊಕ್ಕು ಬರೆಯುವುದೆಂದರೆ ನಮಗೆ ತುಂಬಾ ಇಷ್ಟ. ಮೆಚ್ಚಿದ ಕತೆಯ ಪಾತ್ರಗಳನ್ನಿಟ್ಟುಕೊಂಡು ನಮ್ಮದೇ ಕತೆ ಕಟ್ಟುವ ಇದಕ್ಕೆ ಈಗ ಫ್ಯಾನ್ ಫಿಕ್ಷನ್ ಅಂತಾರೆ. ಹೆಸರು ಹೊಸದು, ಅಭ್ಯಾಸ ಹಳೆಯದು.

ಖಂಡಿತ ಬರೆಯಿರಿ. ಆದರೆ ಅದಕ್ಕೆ ಮುಂಚೆ ಮೂಲವನ್ನು ಇನ್ನೊಮ್ಮೆ ಓದಿ. ‘ಅಯ್ಯೋ, ಗೊತ್ತಿರೋ ಕತೆ ತಾನೇ’ ಅಂತೀರಾ? ಗೊತ್ತಿದೆ ಅಂದುಕೊಂಡಿರುವುದೇ ತೊಂದರೆ!

ದ್ರೌಪದಿಯನ್ನೇ ತಗೊಳ್ಳಿ. ಮಯನ ಸಭೆಯಲ್ಲಿ ದುರ್ಯೋಧನ ನೆಲವೆಂದುಕೊಂಡು ನೀರಿಗೆ ಬಿದ್ದ, ‘ಕುರುಡನ ಮಗ ಕುರುಡ’ ಅಂತ ದ್ರೌಪದಿ ನಕ್ಕಳು, ಅದಕ್ಕೇ ಯುದ್ಧವಾಯ್ತು. ನಮಗೆಲ್ಲ ಇದು ಬಾಯಿಪಾಠ. 1988ರಲ್ಲಿ ಶುರುವಾದ ಬಿ.ಆರ್. ಚೋಪ್ರಾ ಅವರ ಟಿವಿ ಮಹಾಭಾರತ ಇದನ್ನು ಮನೆಮನೆಗೂ ತಲುಪಿಸಿತು.

ಈಗ ವ್ಯಾಸಭಾರತದ ಸಭಾಪರ್ವ ತೆಗೆದು ನೋಡಿ. ಅವನು ಬಿದ್ದಾಗ ನಕ್ಕವರು ಭೀಮ, ಅರ್ಜುನ, ನಕುಲ, ಸಹದೇವ ಮತ್ತು ಸೇವಕರು. ಅಲ್ಲಿ ದ್ರೌಪದಿಯ ಹೆಸರೇ ಇಲ್ಲ. ಅವಳ ನಗು ಬರುವುದು ಆಮೇಲೆ, ದುರ್ಯೋಧನ ಊರಿಗೆ ಹೋಗಿ ಅಪ್ಪನ ಮುಂದೆ ದೂರು ಹೇಳುವಾಗ. ಕೃಷ್ಣ ನಕ್ಕ, ಹೆಂಗಸರ ಜೊತೆ ದ್ರೌಪದಿಯೂ ನಕ್ಕಳು ಅಂತಾನೆ. ಆ ದೂರಿನಲ್ಲೂ ‘ಕುರುಡನ ಮಗ’ ಅನ್ನುವ ಮಾತು ಅವಳ ಬಾಯಲ್ಲಿಲ್ಲ.

ಹಾಗಾದರೆ ಅವಳು ನಿಜಕ್ಕೂ ನಕ್ಕಳೋ, ಅವಮಾನದ ಸಿಟ್ಟಿನಲ್ಲಿ ಇವನೇ ಸೇರಿಸಿ ಹೇಳಿದನೋ? ಕತೆಗೆ ಇದಕ್ಕಿಂತ ಒಳ್ಳೆ ಎಳೆ ಬೇಕೆ? ಹುಡುಗಿ ಜೋರಾಗಿ ನಕ್ಕರೆ ‘ದ್ರೌಪದಿ ನಕ್ಕು ಕುರುಕ್ಷೇತ್ರವಾಯ್ತು’ ಅಂತ ಗದರುವವರು ಇನ್ನೂ ಇದ್ದಾರೆ. ನೆನಪಿನಿಂದಲೇ ಬರೆದರೆ ನಾವೂ ಅವರ ದನಿಗೆ ದನಿ ಸೇರಿಸಿದಂತೆ.

ಸೀತೆಯದೂ ಅಷ್ಟೇ. ವಾಲ್ಮೀಕಿ ರಾಮಾಯಣದಲ್ಲಿ ಲಕ್ಷ್ಮಣ ಗೆರೆ ಎಳೆಯುವುದೇ ಇಲ್ಲ. ಇಲ್ಲದ ಗೆರೆ ದಾಟಿದಳೆಂದು ಎಷ್ಟು ಕತೆಗಳಲ್ಲಿ ಅವಳನ್ನು ಅಳಿಸಿದ್ದೇವೆ!

‘ಹಾಗಾದರೆ ಬದಲಾಯಿಸಲೇಬಾರದಾ?’ ಧಾರಾಳವಾಗಿ ಬದಲಾಯಿಸಿ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ನಲ್ಲಿ ಮಂಥರೆಯನ್ನು ಕರುಣೆಯಿಂದ ಕಂಡರು. ಭೈರಪ್ಪನವರು 1979ರ ‘ಪರ್ವ’ದಲ್ಲಿ ಪವಾಡಗಳನ್ನು ಕೈಬಿಟ್ಟರು. ಮೂಲ ಗೊತ್ತಿದ್ದೇ ಅವರು ಬೇರೆ ದಾರಿ ಹಿಡಿದರು. ಸಾರಿಗೆ ಬೇಕಂತಲೇ ಹುಳಿ ಕಮ್ಮಿ ಮಾಡುವುದಕ್ಕೂ, ಹುಣಸೆಹಣ್ಣು ಹಾಕೋದನ್ನೇ ಮರೆಯುವುದಕ್ಕೂ ವ್ಯತ್ಯಾಸ ಇಲ್ಲವೇ?

ಇಡೀ ಮಹಾಭಾರತ ಓದಲು ಪುರುಸೊತ್ತೆಲ್ಲಿ ಅನ್ನಬೇಡಿ. ನಿಮಗೆ ಬೇಕಾದ ಒಂದು ಪ್ರಸಂಗ ಸಾಕು. ಒಟ್ಟು ಕತೆಗೆ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಇದೆ. ಯಾರು ನಕ್ಕರು, ಯಾರು ಸುಮ್ಮನಿದ್ದರು ಎಂಬಂಥ ವಿವರಕ್ಕೆ ಮಾತ್ರ ಪೂರ್ಣ ಅನುವಾದವನ್ನೇ ಲೈಬ್ರರಿಯಿಂದ ತನ್ನಿ.

ಓದುವ ಮೊದಲು ನಿಮಗೆ ನೆನಪಿರುವುದನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆಯಿರಿ. ಓದಿದ ಮೇಲೆ ಅಲ್ಲಿರುವುದನ್ನು ಬಲಪುಟದಲ್ಲಿ ಬರೆಯಿರಿ. ಪ್ರತಿ ಮಾತಿಗೂ ‘ಇದನ್ನು ಹೇಳುತ್ತಿರುವವರು ಯಾರು, ಯಾರ ಮುಂದೆ?’ ಅಂತ ಕೇಳಿಕೊಳ್ಳಿ. ಎರಡು ಪುಟ ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ನಿಮ್ಮ ಕತೆ ಸಿಗಬಹುದು.

ಈ ವಾರ ನಿಮ್ಮ ಮೆಚ್ಚಿನ ಪಾತ್ರದ ಒಂದೇ ಒಂದು ಪ್ರಸಂಗ ಓದಿ ನೋಡಿ. ಆಮೇಲೆ ನಿಮ್ಮ ದ್ರೌಪದಿ ನಗಬೇಕೋ ಬೇಡವೋ, ನೀವೇ ತೀರ್ಮಾನಿಸಿ.